ಸೆಟ್ಟು, ಬ್ರಿಡ್ಜ್, ಇಂಪ್ಲಾಂಟ್: ಮೂರನ್ನೂ ಹಾಕಿಸಿಕೊಂಡ ಮೇಲೆ

ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ ನಮ್ಮ ಗಣಿತದ ಮೇಡಂ ಪಕ್ಕಕ್ಕೆ ಬಂದು ಕೂತರು. "ಅಕ್ಕಾ, ಕೆಳಗಿನ ದವಡೆ ಹಲ್ಲು ಕೀಳಿಸಿದ್ನಲ್ಲ, ಅಲ್ಲಿಗೆ ಬ್ರಿಡ್ಜ್ ಹಾಕ್ತೀವಿ ಅಂತಾರೆ. ಹತ್ತೇ ದಿನದ ಕೆಲಸವಂತೆ. ಹಾಕಿಸ್ಕೊಳ್ಳಲಾ?" ಅಂತ ಕೇಳಿದರು. ನಾನು ತಿರುಗಿ ಕೇಳಿದ್ದು ಒಂದೇ ಮಾತು: "ಪಕ್ಕದ ಎರಡು ಹಲ್ಲು ಹೇಗಿವೆ?" ಅವರು ಸುಮ್ಮನಾದರು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹದಿನೈದು ವರ್ಷದ ಹಿಂದೆ ನನಗೂ ಯಾರೂ ಹೇಳಿರಲಿಲ್ಲ.

ಹೋದ ಹಲ್ಲಿನ ಜಾಗ ತುಂಬಿಸಲು ಇರುವ ಮೂರು ದಾರಿಯನ್ನೂ ನಾನು ನೋಡಿದ್ದೇನೆ. ತೆಗೆದು ಹಾಕುವ ಸೆಟ್ಟು, ಪಕ್ಕದ ಹಲ್ಲುಗಳ ಮೇಲೆ ಕೂರುವ ಬ್ರಿಡ್ಜ್, ಮೂಳೆಗೇ ಕೂರಿಸುವ ಇಂಪ್ಲಾಂಟ್. ಬ್ರಿಡ್ಜಂತೂ ಎರಡು ಕಡೆ ಇದೆ. ಒಂದು ಕಡೆ ಅದು ನನ್ನ ಕೈ ಹಿಡಿಯಿತು, ಇನ್ನೊಂದು ಕಡೆ ತೊಂದರೆ ಕೊಟ್ಟಿತು. ಯಾಕೆ ಹಾಗಾಯ್ತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ಶುರುವಾಗಿದ್ದು 2009ರಲ್ಲಿ. ಸ್ಕೂಟರಿನಿಂದ ಬಿದ್ದು ಮೇಲಿನ ಎದುರು ಹಲ್ಲೊಂದು ಬೇರಿನಲ್ಲೇ ಮುರಿಯಿತು, ಕೀಳಿಸಬೇಕಾಯಿತು. ಅದರ ಒಂದು ಪಕ್ಕದ ಹಲ್ಲಿನ ಮೂಲೆ ಹಾರಿತ್ತು. ಇನ್ನೊಂದು ಪಕ್ಕದ್ದು ಒಳಗೇ ಸತ್ತು ಬಣ್ಣ ಕೆಟ್ಟು ರೂಟ್ ಕೆನಾಲ್ ಆಯಿತು, ಅಂದರೆ ಒಳಗಿನ ನರ ತೆಗೆದು ಆ ಜಾಗ ತುಂಬಿದರು. ಗಾಯ ಮಾಗುವವರೆಗೆ ಇರಲಿ ಅಂತ ಸೆಟ್ಟು ಕೊಟ್ಟರು. ಗುಲಾಬಿ ಬಣ್ಣದ ಅಕ್ರಿಲಿಕ್ ಪ್ಲೇಟು, ಅದಕ್ಕೆ ಒಂದು ಹಲ್ಲು, ಎರಡು ತಂತಿ ಕೊಕ್ಕೆ. ಆಗ 600 ರೂಪಾಯಿ ಕೊಟ್ಟಿದ್ದೆ.

ನಾನು ಕನ್ನಡ ಟೀಚರು. ಬಾಯೇ ನನ್ನ ಕೆಲಸ. ಪ್ಲೇಟು ಅಂಗುಳನ್ನೆಲ್ಲ ಮುಚ್ಚಿಕೊಂಡರೆ ನಾಲಿಗೆಗೆ ತನ್ನ ಜಾಗ ಸಿಗುವುದಿಲ್ಲ. "ಶಿಶಿರ" ಅಂದರೆ ಎರಡು "ಶಿ"ಯಲ್ಲೂ ಗಾಳಿ ಪಕ್ಕದಿಂದ ಸೋರುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಷಟ್ಪದಿ ಓದುವಾಗ ಒಂದೊಂದು ಸಾಲಿಗೂ ಎಲ್ಲಿ ಎಡವುತ್ತೇನೋ ಅಂತ ಮೊದಲೇ ನೋಡಿಕೊಳ್ಳುತ್ತಿದ್ದೆ. ಮೂರು ವಾರ ದಿನಾ ಸಂಜೆ ಮನೆಯಲ್ಲಿ ಗಟ್ಟಿಯಾಗಿ ಓದಿದ ಮೇಲೆ ಮಾತು ಒಂದು ಹದಕ್ಕೆ ಬಂತು. ಊಟದ ರುಚಿ ಮಾತ್ರ ಬರಲೇ ಇಲ್ಲ. ಸಾರಿನ ಬಿಸಿ, ಕಾಫಿಯ ಬಿಸಿ ಅಂಗುಳಿಗೆ ತಾಗದಿದ್ದರೆ ಊಟ ಅರ್ಧಕ್ಕರ್ಧ ಸಪ್ಪೆ. ಅದು ಇಲ್ಲವಾದಾಗಲೇ ಗೊತ್ತಾಗುವುದು.

ಸೆಟ್ಟಿನ ಒಳ್ಳೆಯ ಗುಣವನ್ನೂ ಹೇಳಬೇಕು. ಯಾವ ಹಲ್ಲನ್ನೂ ಕೊರೆಯುವುದಿಲ್ಲ. ಎರಡು ಮೂರು ದಿನದಲ್ಲಿ ಕೈಗೆ ಬರುತ್ತದೆ. ಖರ್ಚು ಕಡಿಮೆ. ತುಂಬಾ ಹಲ್ಲು ಹೋದವರಿಗೆ, ವಯಸ್ಸಾದವರಿಗೆ ಎಷ್ಟೋ ಸಲ ಇದೇ ದಾರಿ. ರಾತ್ರಿ ತೆಗೆದು ನೀರಿನಲ್ಲಿ ಇಡಬೇಕು, ಒಣಗಲು ಬಿಟ್ಟರೆ ಆಕಾರ ಕೆಡುತ್ತದೆ. ಬಿಸಿ ನೀರಂತೂ ಹಾಕಲೇಬಾರದು. ಭಾರವೆಲ್ಲ ಒಸಡಿನ ಮೇಲೆ ಬೀಳುವುದರಿಂದ ಕೆಳಗಿನ ಮೂಳೆ ನಿಧಾನಕ್ಕೆ ಸವೆದು ಸೆಟ್ಟು ಸಡಿಲವಾಗುತ್ತಾ ಹೋಗುತ್ತದೆ. ನನ್ನದು ಒಂದು ವರ್ಷಕ್ಕೇ ಅಲ್ಲಾಡತೊಡಗಿತ್ತು.

2010ರಲ್ಲಿ ಅದೇ ಜಾಗಕ್ಕೆ ಬ್ರಿಡ್ಜ್ ಹಾಕಿಸಿದೆ. ಬ್ರಿಡ್ಜ್ ಅಂದರೆ ಹೆಸರೇ ಹೇಳುವ ಹಾಗೆ ಸೇತುವೆ. ಎರಡು ಪಕ್ಕದ ಹಲ್ಲುಗಳನ್ನು ಸುತ್ತಲೂ ಮಿಲಿಮೀಟರಿನಷ್ಟೋ ಒಂದೂವರೆಯಷ್ಟೋ ಸಣ್ಣ ಮಾಡುತ್ತಾರೆ. ಅವುಗಳ ಮೇಲೆ ಕ್ಯಾಪ್ ಕೂರುತ್ತದೆ, ನಡುವಿನ ಹುಸಿ ಹಲ್ಲು ಆ ಎರಡು ಕ್ಯಾಪಿಗೆ ಅಂಟಿಕೊಂಡೇ ಬರುತ್ತದೆ. ಮೂರು ಹಲ್ಲಿನ ಭಾರವನ್ನು ಎರಡು ಹಲ್ಲಿನ ಬೇರು ಹೊರಬೇಕು. ಕೊರೆದ ಮೇಲೆ ಡಾಕ್ಟರು ಕನ್ನಡಿ ಕೊಟ್ಟರು. ಎರಡು ಹಲ್ಲು ದನ ಕಟ್ಟುವ ಗೂಟದ ಹಾಗೆ ಕಂಡವು. ಅಳತೆ ತೆಗೆದರು, ಬಣ್ಣದ ಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು ಕಿಟಕಿಯ ಬೆಳಕಿನಲ್ಲಿ ಹೋಲಿಸಿದರು, ತಾತ್ಕಾಲಿಕ ಕ್ಯಾಪ್ ಹಾಕಿ ಕಳಿಸಿದರು. ವಾರದ ಮೇಲೆ ಬ್ರಿಡ್ಜ್ ಬಂತು. ಒಳಗೆ ಲೋಹ, ಮೇಲೆ ಪಿಂಗಾಣಿ. ಬಣ್ಣದ ಕಾಗದ ಕಚ್ಚಿಸಿ, ಎತ್ತರ ಇದ್ದ ಕಡೆ ಚೂರು ಚೂರೇ ಸವರಿ, ಸಿಮೆಂಟಿನಲ್ಲಿ ಕೂರಿಸಿದರು.

ಅವತ್ತು ಮನೆಗೆ ಬಂದು ಗ್ಲಾಸಿನ ತುಂಬಾ ಬಿಸಿ ಕಾಫಿ ಕುಡಿದೆ. ಅಂಗುಳಿಗೆ ಬಿಸಿ ತಾಗಿತು. ಆ ಸಂತೋಷ ಇವತ್ತಿಗೂ ನೆನಪಿದೆ. ಆ ಬ್ರಿಡ್ಜ್ ಈಗಲೂ ಗಟ್ಟಿಯಾಗಿದೆ. ಒಸಡಿನ ಅಂಚಿನಲ್ಲಿ ಲೋಹದ ಬೂದು ಗೆರೆ ಸ್ವಲ್ಪ ಕಾಣುತ್ತದೆ, ಅಷ್ಟೇ. ಇಲ್ಲಿ ಬ್ರಿಡ್ಜ್ ಸರಿಯಾದ ಆಯ್ಕೆಯೇ ಆಗಿತ್ತು. ಪಕ್ಕದ ಎರಡೂ ಹಲ್ಲು ಮೊದಲೇ ಪೆಟ್ಟು ತಿಂದಿದ್ದವು. ಹೇಗಿದ್ದರೂ ಅವಕ್ಕೆ ಕ್ಯಾಪ್ ಬೇಕಿತ್ತು.

ಇದು ಚೆನ್ನಾಗಿ ಆಯ್ತಲ್ಲ ಅನ್ನೋ ಧೈರ್ಯದಲ್ಲಿ ಮುಂದಿನ ವರ್ಷ ಕೆಳಗಿನ ಎಡದವಡೆಗೂ ಬ್ರಿಡ್ಜ್ ಹಾಕಿಸಿದೆ, ಬೇರೆ ಕ್ಲಿನಿಕ್ಕಿನಲ್ಲಿ. ಅಲ್ಲಿ ಹಲ್ಲು ಹೋಗಿ ನಾಲ್ಕು ವರ್ಷವಾಗಿತ್ತು. ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಕ್ಕೆ ಇಳಿಯುತ್ತದೆ. ನನ್ನ ಹಿಂದಿನ ಹಲ್ಲು ವಾಲಿತ್ತು. ನೆಟ್ಟಗೆ ಕೂರಿಸಲು ಅದನ್ನು ಇನ್ನಷ್ಟು ಕೊರೆದರು. ಆದರೆ ಆ ಎರಡೂ ಹಲ್ಲಿಗೆ ಒಂದು ಚುಕ್ಕೆ ಹುಳುಕೂ ಇರಲಿಲ್ಲ! ಹಲ್ಲಿನ ಮೇಲಿನ ಗಟ್ಟಿ ಪದರ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಇದನ್ನು ನನಗೆ ಮೊದಲೇ ಹೇಳಬೇಕಿತ್ತು. ಹುಸಿ ಹಲ್ಲಿನ ಕೆಳಗೆ ದಿನಾ ಕ್ಲೀನ್ ಮಾಡಬೇಕು ಅನ್ನೋದನ್ನೂ ಹೇಳಲಿಲ್ಲ. "ಮಾಮೂಲಿ ಬ್ರಷ್ ಮಾಡಿ ಸಾಕು" ಅಂದರು.

ನಾವು ದಾವಣಗೆರೆಯವರು. ವಾರಕ್ಕೆ ಎರಡು ಸಲವಾದರೂ ಮಂಡಕ್ಕಿ ಮಿರ್ಚಿ ಆಗಬೇಕು. ಮಂಡಕ್ಕಿಯ ಚೂರು ಬ್ರಿಡ್ಜಿನ ಕೆಳಗೆ ಹೋಗಿ ಕೂತರೆ ಬಾಯಿ ಮುಕ್ಕಳಿಸಿದರೆ ಬರುವುದಿಲ್ಲ. ಹತ್ತು ವರ್ಷ ಹಾಗೇ ನಡೆಯಿತು. 2021ರಲ್ಲಿ ಬಾಯಲ್ಲಿ ಏನೋ ವಾಸನೆ ಅನ್ನಿಸತೊಡಗಿತು. ಕನ್ನಡಿ ಮುಂದೆ ನಿಂತು ಹಿಂದಿನ ಕ್ಯಾಪನ್ನು ಬೆರಳಲ್ಲಿ ಒತ್ತಿದೆ. ಅಂಚಿನಿಂದ ಎಂಜಲಿನ ಸಣ್ಣ ಗುಳ್ಳೆ ಎದ್ದಿತು. ಬಿಟ್ಟು ಮತ್ತೆ ಒತ್ತಿದೆ, ಮತ್ತೆ ಗುಳ್ಳೆ. ಸಿಮೆಂಟು ಬಿಟ್ಟಿತ್ತು. ಮುಂದಿನ ಕ್ಯಾಪ್ ಬಿಗಿಯಾಗಿಯೇ ಇದ್ದುದರಿಂದ ಬ್ರಿಡ್ಜ್ ಕಳಚಿ ಬೀಳಲಿಲ್ಲ, ಹಾಗಾಗಿ ನನಗೆ ಗೊತ್ತೂ ಆಗಿರಲಿಲ್ಲ. ಕತ್ತರಿಸಿ ತೆಗೆದಾಗ ಒಳಗಿನ ಹಲ್ಲು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ರೂಟ್ ಕೆನಾಲ್ ಮಾಡಿ ಹೇಗೋ ಉಳಿಸಿದರು. ಎರಡು ಹಲ್ಲು ಮೊದಲೇ ಕೊರೆದಾಗಿತ್ತಲ್ಲ, ಮತ್ತೆ ಬ್ರಿಡ್ಜೇ ಹಾಕಿಸಿದೆ. ಈ ಸಲ ಲೋಹವಿಲ್ಲದ, ಪಿಂಗಾಣಿಯಂಥ ಜಿರ್ಕೋನಿಯಾ, ಮೂರು ಹಲ್ಲಿಗೆ 27,000 ರೂಪಾಯಿ.

ಈ ಮಧ್ಯೆ, 2018ರಲ್ಲಿ, ಬಲಗಡೆಯ ದವಡೆ ಹಲ್ಲಿಗೆ ಇಂಪ್ಲಾಂಟ್ ಆಗಿತ್ತು. ಟೈಟಾನಿಯಂ ತಿರುಪನ್ನು ದವಡೆ ಮೂಳೆಗೆ ಕೂರಿಸಿ, ಮೂಳೆ ಅದನ್ನು ಹಿಡಿದುಕೊಂಡ ಮೇಲೆ ಹಲ್ಲು ಹಾಕುವುದು. ಮೂಳೆ ಟೈಟಾನಿಯಂ ಜೊತೆ ಬೆಸೆದುಕೊಳ್ಳುತ್ತದೆ ಅನ್ನೋದನ್ನು ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಹಾಕಿದವರು ಸ್ವೀಡನ್ನಿನ ವೈದ್ಯ ಬ್ರಾನೆಮಾರ್ಕ್. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಹಲ್ಲು ಕೀಳಿಸಿದಾಗ ಆಗಿದ್ದಕ್ಕಿಂತ ಕಡಿಮೆ ನೋವು ಆಯಿತು. ಕಷ್ಟ ಇದ್ದದ್ದು ಕಾಯುವುದರಲ್ಲಿ. ನಾಲ್ಕು ತಿಂಗಳು ಒಂದೇ ಕಡೆ ಅಗಿದೆ. ಎಲ್ಲ ಸೇರಿ 28,000 ಆಯಿತು. ಪಕ್ಕದ ಹಲ್ಲುಗಳನ್ನು ಮುಟ್ಟಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡದು.

ಎಲ್ಲರಿಗೂ ಇದು ಆಗುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಬೀಡಿ ಸಿಗರೇಟಿನ ಚಟ ಇದ್ದರೆ ಕೈಕೊಡುವ ಭಯ ಜಾಸ್ತಿ. ಹಲ್ಲು ಹೋಗಿ ಬಹಳ ದಿನವಾಗಿ ಮೂಳೆ ಕರಗಿದ್ದರೆ ಮೊದಲು ಮೂಳೆ ತುಂಬಿಸಬೇಕಾಗಬಹುದು. ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಸುತ್ತಲಿನ ಒಸಡು ಕೆಟ್ಟರೆ ಅದೂ ಸಡಿಲವಾಗುತ್ತದೆ.

ಅಗಿಯುವಾಗ ಬ್ರಿಡ್ಜಿಗೂ ಇಂಪ್ಲಾಂಟಿಗೂ ಇರುವ ವ್ಯತ್ಯಾಸ ನನಗೆ ಆಮೇಲೆ ಗೊತ್ತಾಯಿತು. ನಮ್ಮ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ಪೊರೆ ಇದೆ. ಎಷ್ಟು ಒತ್ತಿದೆವು ಅಂತ ಹೇಳುವುದು ಅದೇ. ಬ್ರಿಡ್ಜ್ ಕೂತಿರುವುದು ನಮ್ಮದೇ ಬೇರಿನ ಮೇಲೆ, ಅದಕ್ಕೇ ಎಡಗಡೆ ಅನ್ನದಲ್ಲಿ ಕಲ್ಲು ಸಿಕ್ಕರೆ ಪೂರ್ತಿ ಕಚ್ಚುವ ಮೊದಲೇ ಬಾಯಿ ನಿಲ್ಲುತ್ತದೆ. ಬಲಗಡೆ ಇಂಪ್ಲಾಂಟಿಗೆ ಆ ಪೊರೆ ಇಲ್ಲ. ಕಟಕ್ ಅಂತ ಸದ್ದಾದ ಮೇಲೆಯೇ ತಿಳಿಯುವುದು. ಕಟಿ ರೊಟ್ಟಿ, ಹುರಿದ ಶೇಂಗಾ ಎಲ್ಲ ಅದರಲ್ಲೇ ಅಗಿಯುತ್ತೇನೆ, ಬಲಕ್ಕೇನೂ ಕೊರತೆ ಇಲ್ಲ. ಚಕ್ಕುಲಿ ಮಾತ್ರ ನಿಧಾನ.

ಬ್ರಿಡ್ಜಿನ ಇನ್ನೊಂದು ಬಗೆ ನನ್ನ ಬಾಯಲ್ಲಿ ಇಲ್ಲ, ತಂಗಿ ಮಗಳ ಬಾಯಲ್ಲಿದೆ. ಅವಳಿಗೆ ಹದಿನಾರು, ಮೇಲಿನ ಒಂದು ಹಲ್ಲು ಹುಟ್ಟಲೇ ಇಲ್ಲ. ದವಡೆ ಬೆಳೆಯುವುದು ನಿಲ್ಲುವವರೆಗೆ ಇಂಪ್ಲಾಂಟ್ ಹಾಕುವಂತಿಲ್ಲ. ಪಕ್ಕದ ಹಲ್ಲಿನ ಹಿಂಬದಿಗೆ ರೆಕ್ಕೆಯಂಥ ಪಟ್ಟಿ ಅಂಟಿಸಿ ಹುಸಿ ಹಲ್ಲು ನಿಲ್ಲಿಸಿದ್ದಾರೆ. ಕೊರೆತ ಇಲ್ಲವೇ ಇಲ್ಲ ಅನ್ನಬಹುದು. ಒಂದು ಸಲ ಬಿಟ್ಟಿತ್ತು, ಮತ್ತೆ ಅಂಟಿಸಿದರು. ಮುಂದಿನ ಹಲ್ಲಿಗೆ, ಅದೂ ಎಳೆ ವಯಸ್ಸಿಗೆ, ಇದು ಬಹಳ ಒಳ್ಳೆಯದು. ದವಡೆಯ ಭಾರ ಇದು ತಡೆಯುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಮೊದಲ ದಿನ ಬ್ರಿಡ್ಜೇ ಅಗ್ಗ ಅನ್ನಿಸುತ್ತದೆ. ನನ್ನ ಹಳೆಯ ದವಡೆ ಬ್ರಿಡ್ಜಿಗೆ ಆಗ 7,500 ಕೊಟ್ಟಿದ್ದೆ. ಆಮೇಲೆ ರೂಟ್ ಕೆನಾಲ್, ಹೊಸ ಬ್ರಿಡ್ಜ್ ಸೇರಿಸಿದರೆ ಇಂಪ್ಲಾಂಟಿನ ಖರ್ಚನ್ನು ಮೀರಿತು. ಕೈಯಲ್ಲಿ ಅಷ್ಟು ಇಲ್ಲದವರು ಡೆಂಟಲ್ ಕಾಲೇಜಿಗೆ ಹೋಗಿ ಕೇಳಬೇಕು. ನಮ್ಮೂರಲ್ಲೇ ಎರಡಿವೆ. ಅಲ್ಲಿ ಕೆಲಸ ಮಾಡುವುದು ಕಲಿಯುವ ಹುಡುಗರು, ಟೈಮು ಜಾಸ್ತಿ ಹಿಡಿಯುತ್ತದೆ, ಎರಡು ಮೂರು ಸಲ ಹೆಚ್ಚಿಗೆ ಅಲೆಯಬೇಕು, ಆದರೆ ಮೇಷ್ಟ್ರುಗಳು ಪಕ್ಕದಲ್ಲೇ ನಿಂತು ನೋಡುತ್ತಾರೆ.

ಈಗ ನನ್ನ ಬಚ್ಚಲುಮನೆಯ ಕಪಾಟಿನಲ್ಲಿ ಸೂಪರ್ ಫ್ಲಾಸ್ ಇದೆ. ದಾರದ ಒಂದು ತುದಿ ಗಟ್ಟಿ, ನಡುವೆ ಸ್ಪಂಜಿನ ಹಾಗೆ ಉಬ್ಬು. ಗಟ್ಟಿ ತುದಿಯನ್ನು ಬ್ರಿಡ್ಜಿನ ಕೆಳಗೆ ತೂರಿಸಿ, ಆಚೆಯಿಂದ ಎಳೆದು, ಉಬ್ಬಿದ ಭಾಗವನ್ನು ಐದಾರು ಸಲ ಹಿಂದೆ ಮುಂದೆ ಆಡಿಸುವುದು. ಮೊದಮೊದಲು ಹತ್ತು ನಿಮಿಷ ಬೇಕಿತ್ತು, ಈಗ ಎರಡು ನಿಮಿಷ ಸಾಕು. ರಾತ್ರಿ ಮಲಗುವ ಮುಂಚೆ ಇದನ್ನು ತಪ್ಪಿಸುವುದಿಲ್ಲ.

ಗಣಿತದ ಮೇಡಂ ಮತ್ತೆ ಡಾಕ್ಟರ ಹತ್ತಿರ ಹೋಗಿ ಬಂದರು. ಎಕ್ಸ್‌ರೇ ಮೊಬೈಲಿನಲ್ಲಿ ತೋರಿಸಿದರು. ಮುಂದಿನ ಹಲ್ಲು ಪೂರ್ತಿ ಚೆನ್ನಾಗಿದೆ, ಹಿಂದಿನದರಲ್ಲಿ ಒಂದು ಸಣ್ಣ ಫಿಲ್ಲಿಂಗ್. ಸಕ್ಕರೆ ಕಾಯಿಲೆ ಇಲ್ಲ. "ಹಾಗಾದ್ರೆ ಇವುಗಳನ್ನ ಮುಟ್ಟಿಸೋದು ಬೇಡ ಅಲ್ವಾ ಅಕ್ಕಾ?" ಅಂದರು. ಬೇಡ ಅಂದೆ. ಬೇಸಿಗೆ ರಜೆಯಲ್ಲಿ ಇಂಪ್ಲಾಂಟಿಗೆ ದಿನ ಗೊತ್ತು ಮಾಡಿಕೊಂಡಿದ್ದಾರೆ, ಪಿ.ಎಫ್. ಸಾಲಕ್ಕೆ ಅರ್ಜಿಯನ್ನೂ ಕೊಟ್ಟಿದ್ದಾರೆ.