ಸಂತೆ, ಸೂಪರ್ ಮಾರ್ಕೆಟ್, ಫೋನ್: ನಾಲ್ಕು ಜನರ ವಾರದ ಊಟಕ್ಕೆ ಯಾವುದು ಸರಿ?

ಕೇಂದ್ರ ಸರ್ಕಾರದ 2023-24ರ ಮನೆಖರ್ಚಿನ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನಗರಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 6,996 ರೂಪಾಯಿ. ಅದರಲ್ಲಿ ಶೇ 39.68 ಹೋಗುವುದು ಆಹಾರಕ್ಕೆ. ನಾಲ್ಕು ಜನರ ಮನೆಗೆ ಗುಣಿಸಿ ನೋಡಿದರೆ ತಿಂಗಳಿಗೆ ಸುಮಾರು 11,100 ರೂಪಾಯಿ, ವಾರಕ್ಕೆ 2,550ರ ಆಸುಪಾಸು. ಉಡುಪಿಯ ನಮ್ಮ ಮನೆಯಲ್ಲೂ ನಾಲ್ಕು ಜನ. ಅತ್ತೆ, ಗಂಡ, ಹೈಸ್ಕೂಲಿಗೆ ಹೋಗುವ ಮಗ, ನಾನು. ನಮ್ಮ ವಾರದ ಖರ್ಚು ಹೊರಗಿನ ತಿಂಡಿಯೂ ಸೇರಿ 3,800 ದಾಟುತ್ತಿತ್ತು. ಸರಾಸರಿಗಿಂತ ಇಷ್ಟು ಜಾಸ್ತಿ ಕೊಡುತ್ತಿದ್ದೇವೆ, ಅಷ್ಟು ಒಳ್ಳೆಯ ಊಟ ಸಿಗುತ್ತಿದೆಯಾ? ಅದನ್ನು ನೋಡಲು ಕೆಲವು ವಾರ ಒಂದೊಂದು ಕಡೆಯಿಂದಲೇ ಸಾಮಾನು ತಂದು ಚೀಟಿಗಳನ್ನು ಪಕ್ಕಪಕ್ಕ ಇಟ್ಟೆವು.

ಅಳೆಯಲು ಒಂದು ಅಳತೆ ಬೇಕಲ್ವಾ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಊಟದ ಮಾರ್ಗಸೂಚಿಯನ್ನೇ ಹಿಡಿದುಕೊಂಡೆ. ದಿನಕ್ಕೆ 2,000 ಕ್ಯಾಲೊರಿಯ ಊಟದಲ್ಲಿ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮೀನು-ಮಾಂಸ, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಬೀಜಗಳು, 27 ಗ್ರಾಂ ಎಣ್ಣೆ ಅನ್ನುತ್ತದೆ ಅದು. ಮಗನಿಗೆ ಸ್ವಲ್ಪ ಜಾಸ್ತಿ ಬೇಕು, ಅತ್ತೆಗೆ ಕಡಿಮೆ ಸಾಕು. ಒಟ್ಟಿನಲ್ಲಿ ಸರಿಹೋಗುತ್ತದೆ ಅಂತ ನಾಲ್ಕರಿಂದ ಗುಣಿಸಿದೆ. ವಾರಕ್ಕೆ 7 ಕಿಲೋ ಅಕ್ಕಿ-ಗೋಧಿ, 11 ಕಿಲೋ ಮೇಲೆ ತರಕಾರಿ, ಮೂರು ಕಿಲೋಗೆ ಹತ್ತಿರ ಹಣ್ಣು, ಎಂಟೂವರೆ ಲೀಟರ್ ಹಾಲು, ಮುಕ್ಕಾಲು ಕಿಲೋ ಎಣ್ಣೆ.

ತರಕಾರಿಯ ಲೆಕ್ಕ ನೋಡಿ ನಾನು ನಿಂತೇಬಿಟ್ಟೆ. ನಾವು ತರುತ್ತಿದ್ದದ್ದು ಅದರ ಅರ್ಧ. ಅಕ್ಕಿ ಮಾತ್ರ ಹತ್ತು ಕಿಲೋ ಖರ್ಚಾಗುತ್ತಿತ್ತು. ಹಣ ಉಳಿಸುವ ಮಾತು ಬಂದಾಗಲೆಲ್ಲ ನಾವು ಮೊದಲು ಕೈ ಹಾಕುವುದು ತರಕಾರಿಗೆ ಮತ್ತು ಹಣ್ಣಿಗೆ. ಅದು ಸರಿಯಲ್ಲ ಅಂತ ಈ ಹೋಲಿಕೆಯ ನಂತರ ನನಗೆ ಖಚಿತವಾಗಿದೆ.

ಮೊದಲು ಸೂಪರ್ ಮಾರ್ಕೆಟ್. ಗಂಡನಿಗೆ ಸಕ್ಕರೆ ಅಂಶ ಗಡಿಯಲ್ಲಿದೆ ಅಂತ ಗೊತ್ತಾದ ಮೇಲೆ ಅವರು ಜಿಮ್ಮಿನ ಗೆಳೆಯರಿಂದ ಒಂದು ಪಟ್ಟಿ ತಂದಿದ್ದರು. ಓಟ್ಸ್, ಕಂದು ಬ್ರೆಡ್, ಪನೀರ್, ಬ್ರೊಕೊಲಿ, ಬಣ್ಣದ ದೊಣ್ಣೆಮೆಣಸು, ಆಲಿವ್ ಎಣ್ಣೆ, ಬಾದಾಮಿ, ಸೇಬು. ಆ ಪಟ್ಟಿಯನ್ನೇ ತಂದೆವು. ವಾರದ ಬಿಲ್ 4,500 ರೂಪಾಯಿ ದಾಟಿತು. ಊಟ ಕೆಟ್ಟದಾಗಿರಲಿಲ್ಲ. ಎಲ್ಲರಿಗೂ ಹೊಟ್ಟೆ ತುಂಬಿತು, ಪ್ರೊಟೀನ್ ಸಾಕಷ್ಟು ಸಿಕ್ಕಿತು, ಅಡುಗೆ ಬೇಗ ಮುಗಿಯಿತು. ನಾನು ಬೆಳಿಗ್ಗೆ ಎಂಟೂವರೆಗೆ ಬಸ್ ಹಿಡಿಯುವವಳು, ನನಗೆ ಅದು ಸಣ್ಣ ವಿಷಯವಲ್ಲ. ಆದರೆ ಅತ್ತೆ ಎರಡನೇ ದಿನಕ್ಕೇ ಓಟ್ಸ್ ಬಿಟ್ಟು ಗಂಜಿಗೆ ಮರಳಿದರು. ಅವರಿಗೆ ಬೇರೆ, ನಮಗೆ ಬೇರೆ ಅಂತ ಎರಡು ಅಡುಗೆ ಶುರುವಾಯಿತು. ತರಕಾರಿಗೇ 850 ಕೊಟ್ಟರೂ 11 ಕಿಲೋ ಆಗಲಿಲ್ಲ. ಬ್ರೊಕೊಲಿಯಲ್ಲಿ ಇರುವ ಒಳ್ಳೆಯ ಗುಣಗಳಿಗಾಗಿ ಅಷ್ಟು ದುಡ್ಡು ಕೊಡಬೇಕಾಗಿಲ್ಲ. ನಮ್ಮ ಹರಿವೆ, ನುಗ್ಗೆಸೊಪ್ಪು, ಬಸಳೆ ಅದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ.

ಫೋನಿನಲ್ಲಿ ತರಿಸಿದ ವಾರ ಚೀಟಿ 3,700ಕ್ಕೆ ನಿಂತಿತು. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹೆಸರುಕಾಳು, ಕಡ್ಲೆ, ಎಣ್ಣೆಯಂಥ ಕೆಡದ ಸಾಮಾನು ಆಫರ್ ಇದ್ದಾಗ ಅಂಗಡಿಗಿಂತ ಅಗ್ಗಕ್ಕೇ ಸಿಗುತ್ತದೆ. ತರಕಾರಿ ಬರುವುದು ಕಾಲು ಕಿಲೋ, ಅರ್ಧ ಕಿಲೋ ಪೊಟ್ಟಣದಲ್ಲಿ. ಇನ್ನೊಂದು ಐವತ್ತು ರೂಪಾಯಿಯ ಸಾಮಾನು ಹಾಕಿದರೆ ಡೆಲಿವರಿ ಫ್ರೀ ಅನ್ನುತ್ತದೆ, ಆ ಐವತ್ತಕ್ಕೆ ಮಗ ಚಿಪ್ಸ್ ಸೇರಿಸುತ್ತಾನೆ. ಮಳೆಗಾಲದ ರಾತ್ರಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಅದರಷ್ಟು ಉಪಕಾರ ಮತ್ತೊಂದಿಲ್ಲ. ವಾರದ ಅಡುಗೆಮನೆ ನಡೆಸಲು ಮಾತ್ರ ಅದು ಸರಿಯಾದ ದಾರಿಯಲ್ಲ.

ಇನ್ನು ಸಂತೆ. ಆದಿಉಡುಪಿಯ ಎಪಿಎಂಸಿ ಅಂಗಳದಲ್ಲಿ ಬುಧವಾರ ಸಂತೆ. ಅಲ್ಲಿ ತರಕಾರಿಯಲ್ಲಿ ಎರಡು ಜಾತಿ. ಒಂದು ಘಟ್ಟದ ಮೇಲಿನದ್ದು: ಎಲೆಕೋಸು, ಬೀನ್ಸ್, ಕ್ಯಾರೆಟ್, ಟೊಮೆಟೊ, ಬೀಟ್‌ರೂಟ್. ಇನ್ನೊಂದು ಊರಿನದ್ದು: ಅಲಸಂಡೆ, ಹೀರೆ, ತೊಂಡೆ, ಊರ ಬೆಂಡೆ, ಸೌತೆ, ಹರಿವೆ, ಬಸಳೆ, ಬಾಳೆದಿಂಡು. ಊರಿನದ್ದು ಅಂದ ಕೂಡಲೇ ಅಗ್ಗ ಅಂದುಕೊಳ್ಳಬೇಡಿ. ಊರ ಬೆಂಡೆ ಘಟ್ಟದ ಬೆಂಡೆಯ ಎರಡರಷ್ಟು ರೇಟಿಗೆ ಹೋಗುತ್ತದೆ. ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಸೀಸನ್ ಶುರುವಿನಲ್ಲಿ ಅದರ ಬೆಲೆ ಕೇಳಿಯೇ ಮುಂದೆ ಹೋಗಬೇಕಾಗುತ್ತದೆ. ನಮ್ಮ ಲೆಕ್ಕಕ್ಕೆ ಹೊಂದಿದ್ದು ಮಿಶ್ರಣ: ಭಾರಕ್ಕೆ ಘಟ್ಟದ ಎಲೆಕೋಸು, ಬೀಟ್‌ರೂಟ್, ಜೊತೆಗೆ ಸಿಹಿಗುಂಬಳ, ಸೌತೆ. ರುಚಿಗೆ ಮತ್ತು ಸೊಪ್ಪಿಗೆ ಊರಿನದ್ದು. ಹೀಗೆ 11 ಕಿಲೋ ತರಕಾರಿ 550ರಿಂದ 600 ರೂಪಾಯಿಯಲ್ಲಿ ಮುಗಿಯಿತು. ಕತ್ತಲಾಗುವ ಹೊತ್ತಿಗೆ ಹೋದರೆ ತೂಕ ಬಿಟ್ಟು ಗುಡ್ಡೆ ಲೆಕ್ಕಕ್ಕೆ ಕೊಡುತ್ತಾರೆ, ಇನ್ನೂ ಕಡಿಮೆಗೆ ಬರುತ್ತದೆ. ಆದರೆ ಆಗ ಸೊಪ್ಪು ಬಾಡಿರುತ್ತದೆ.

ಸಂತೆಯ ಕಷ್ಟವನ್ನೂ ಹೇಳಬೇಕು. ಬುಧವಾರ ಕೆಲಸದ ದಿನ. ಆಫೀಸಿನಿಂದ ನೇರ ಹೋಗಿ ಎರಡು ಚೀಲ ಹೊತ್ತು ಬರಬೇಕು. ಸೊಪ್ಪು ಶುಕ್ರವಾರದೊಳಗೆ ಮುಗಿಸಬೇಕು, ಶನಿವಾರದ ಸೊಪ್ಪಿಗೆ ಮನೆ ಹತ್ತಿರದ ಅಂಗಡಿಯೇ ಗತಿ. ಬಾಳೆದಿಂಡು, ಹರಿವೆ, ಅಲಸಂಡೆ ಎಲ್ಲ ಕೂತು ಹೆಚ್ಚುವ ಕೆಲಸ. ಈ ಕೆಲಸ ಒಬ್ಬಳ ತಲೆಗೆ ಬಿದ್ದರೆ ಯಾವ ಉಳಿತಾಯವೂ ಉಳಿತಾಯವಲ್ಲ. ನಮ್ಮಲ್ಲಿ ಅಲಸಂಡೆ, ಸೊಪ್ಪು ಬಿಡಿಸುವುದು ಮಗನಿಗೆ, ಹೆಚ್ಚುವುದು ಗಂಡನಿಗೆ ಅಂತ ಮಾಡಿಕೊಂಡ ಮೇಲೆಯೇ ಇದು ನಿಂತದ್ದು. ಹಾಲು, ಅಕ್ಕಿ, ಮೀನು, ಕಾಳು, ತೆಂಗಿನಕಾಯಿ ಎಲ್ಲ ಸೇರಿ ಸಂತೆಯ ವಾರ ಸುಮಾರು 2,900 ಆಯಿತು. ತಟ್ಟೆಯಲ್ಲಿ ತರಕಾರಿ ಮೊದಲಿಗಿಂತ ಇಮ್ಮಡಿ.

ಇನ್ನು ಪ್ರೊಟೀನ್. ಎಲ್ಲರೂ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇದರ ಹೆಸರಿನಲ್ಲೇ. ದೊಡ್ಡವರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು ಅನ್ನುತ್ತದೆ ಅದೇ ಸಂಸ್ಥೆಯ ಶಿಫಾರಸು. 60 ಕಿಲೋ ಇರುವವರಿಗೆ 50 ಗ್ರಾಂ. ನಾವು ಕೊಟ್ಟ ಬೆಲೆ ಹಿಡಿದು, 10 ಗ್ರಾಂ ಪ್ರೊಟೀನಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದೆ. ಹುರುಳಿ ನಾಲ್ಕೂವರೆ ರೂಪಾಯಿ. ಕಡ್ಲೆ ಐದು. ಹೆಸರುಕಾಳು ಆರು. ಮೊಟ್ಟೆ ಹನ್ನೆರಡು. ಹಾಲು ಲೀಟರಿಗೆ 46ರಂತೆ ಹದಿನಾಲ್ಕು. ಕಿಲೋಗೆ 160ರ ಬೂತಾಯಿ ಮೀನು, ತಲೆ, ಹೊಟ್ಟೆ, ಮುಳ್ಳು ಕಳೆದು ಅದೂ ಹದಿನಾಲ್ಕರ ಹತ್ತಿರ. ಕೋಳಿ ಹದಿನೆಂಟು. 240ರ ಬಂಗುಡೆ ಇಪ್ಪತ್ತು. ಪನೀರ್ ಇಪ್ಪತ್ತೈದು. ಅಂಜಲ್, ಮಾಂಜಿಯ ಲೆಕ್ಕ ಹಾಕಲು ಹೋಗಲಿಲ್ಲ, ಅವು ನೆಂಟರು ಬಂದಾಗಿನ ಮೀನು.

ಕಾಳು ಇಷ್ಟು ಅಗ್ಗ ಅಂತ ಬರೀ ಕಾಳನ್ನೇ ತಿನ್ನಬೇಕಾ? ಬೇಡ. ಬಿ12 ಕಾಳಿನಲ್ಲಿ ಇಲ್ಲ. ಅದು ಮೀನು, ಮೊಟ್ಟೆ, ಹಾಲಿನಿಂದಲೇ ಬರಬೇಕು. ಬೂತಾಯಿ, ಬಂಗುಡೆಯಲ್ಲಿ ಒಮೆಗಾ-3 ಕೊಬ್ಬೂ ಚೆನ್ನಾಗಿ ಇದೆ. ಹಾಗಂತ ಮೀನಿದೆಯಲ್ಲ ಅಂತ ಕಾಳು ಬಿಡುವುದು ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೂ ಹೆಚ್ಚು ನಡೆಯುವ ತಪ್ಪು. ಒಂದು ಬಂಗುಡೆ, ಒಂದು ಬೆಟ್ಟ ಅನ್ನ, ಕಾಯಿಯ ಗಸಿ, ಅಲ್ಲಿಗೆ ಊಟ ಮುಗಿಯಿತು. ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಎರಡೂ ಒಂದೇ ಊಟದಲ್ಲಿ ಬಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅತ್ತೆಗೆ ಈ ಲೆಕ್ಕವೆಲ್ಲ ಬೇಡ. "ಮೀನಿಲ್ಲದ ದಿನ ಹುರುಳಿ ಸಾರು, ಮೀನಿದ್ದ ದಿನ ಹೆಸರಿನ ಪಲ್ಯ ಮಾಡು ಮಾರಾಯ್ತಿ, ಇದರಲ್ಲಿ ಏನುಂಟು" ಅಂದರು. ಹಾಗೇ ಮಾಡುತ್ತಿದ್ದೇನೆ. ವಾರಕ್ಕೆ ಎರಡು ದಿನ ಮೀನು, ಉಳಿದ ದಿನಗಳಲ್ಲಿ ಮೊಟ್ಟೆ ಮತ್ತು ಕಾಳು. ಬೂತಾಯಿಗೆ ಕಾಯಿ ಹಾಕದೆ ಪುಳಿಮುಂಚಿ, ಅಂದರೆ ಹುಳಿ-ಖಾರದ ಸಾರು.

ಕಾಯಿಯ ಮಾತು ಬಂತು. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ದಾಟಿದಾಗ ಇಲ್ಲಿನ ಎಲ್ಲ ಮನೆಗಳ ಲೆಕ್ಕ ತಪ್ಪಿತ್ತು. ಪಲ್ಯಕ್ಕೆ, ಸಾಂಬಾರಿಗೆ, ಗಸಿಗೆ, ಚಟ್ನಿಗೆ ಎಲ್ಲದಕ್ಕೂ ಕಾಯಿ ಬೇಕು ಅನ್ನುವ ಊರು ನಮ್ಮದು. ನಾವು ಎಣ್ಣೆ ಬದಲಿಸಲಿಲ್ಲ, ಕಡಿಮೆ ಮಾಡಿದೆವು. ವಾರದಲ್ಲಿ ಮೂರು ದಿನ ಕಾಯಿ ಹಾಕದ ಬೋಳು ಹುಳಿ. ಆಲಿವ್ ಎಣ್ಣೆಯ ಬಾಟಲಿ ತರುವುದಕ್ಕಿಂತ ಇದು ಎಷ್ಟೋ ಸುಲಭ.

ಅಕ್ಕಿ ಕುಚ್ಚಲಕ್ಕಿಯೇ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಗುಂಪಿನ ವಿಟಮಿನ್ ಕಾಳಿನೊಳಗೆ ಇಳಿಯುತ್ತದೆ, ಅದಕ್ಕೇ ಪಾಲಿಶ್ ಆದರೂ ಬೆಳ್ತಿಗೆ, ಅಂದರೆ ಬೇಯಿಸದ ಬಿಳಿ ಅಕ್ಕಿಗಿಂತ ಇದರಲ್ಲಿ ಸ್ವಲ್ಪ ಜಾಸ್ತಿ ಉಳಿಯುತ್ತದೆ. ಕೆಂಪು ಕಜೆ ಅಕ್ಕಿ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಒಳ್ಳೆಯ ಅಕ್ಕಿ ಅಂತ ಜಾಸ್ತಿ ಉಣ್ಣುವ ಹಾಗಿಲ್ಲ. ಗಂಡನ ಡಾಕ್ಟರು ಹೇಳಿದ್ದೂ ಅದನ್ನೇ, ಮಾರ್ಗಸೂಚಿ ಹೇಳುವುದೂ ಅದನ್ನೇ. ಹತ್ತು ಕಿಲೋ ಇದ್ದದ್ದು ಈಗ ಏಳೂವರೆ. ಆ ಜಾಗಕ್ಕೆ ತರಕಾರಿ ಬಂತು. ಬೆಳಗಿನ ತಿಂಡಿಗೆ ನೀರುದೋಸೆಗಿಂತ ಉದ್ದಿನ ದೋಸೆ, ಹೆಸರಿನ ದೋಸೆ ಮೇಲು, ಯಾಕೆಂದರೆ ನೀರುದೋಸೆಯಲ್ಲಿ ಅಕ್ಕಿ ಬಿಟ್ಟರೆ ಬೇರೇನಿಲ್ಲ. ಓಟ್ಸ್ ಮನೆಯಲ್ಲಿದೆ, ತಡವಾದ ದಿನಕ್ಕೆ. ಹಣ್ಣಿಗೆ ಪಪ್ಪಾಯಿ, ಬಾಳೆ, ಪೇರಳೆ. ಬಾದಾಮಿಯ ಜಾಗಕ್ಕೆ ನೆಲಗಡಲೆ.

ಸಮೀಕ್ಷೆಯಲ್ಲಿ ನಾನು ಇನ್ನೂ ಹೇಳದ ಒಂದು ಅಂಕಿ ಇದೆ. ನಗರದವರ ಒಟ್ಟು ಖರ್ಚಿನಲ್ಲಿ ಶೇ 11.09 ಹೋಗುವುದು ಪಾನೀಯ, ಹೊರಗಿನ ತಿಂಡಿ-ಊಟ, ಪ್ಯಾಕೆಟ್ ತಿನಿಸುಗಳಿಗೆ. ಆಹಾರದ ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ನಾಲ್ಕು ಜನರಿಗೆ ಗುಣಿಸಿದರೆ ವಾರಕ್ಕೆ ಸುಮಾರು 710 ರೂಪಾಯಿ. ನಾಲ್ಕು ಜನರಿಗೆ ಬೇಕಾದಷ್ಟು ತರಕಾರಿ ಸಂತೆಯಲ್ಲಿ 600ಕ್ಕೆ ಸಿಗುತ್ತದೆ. ಅಂದರೆ ತರಕಾರಿಗೆ ದುಡ್ಡಿಲ್ಲ ಅನ್ನುವ ಎಷ್ಟೋ ಮನೆಗಳಲ್ಲಿ ದುಡ್ಡು ಇದೆ, ಅದು ಬೇಕರಿಗೆ ಹೋಗುತ್ತಿದೆ. ನಮ್ಮ ಮನೆಯಲ್ಲೂ ಹಾಗೇ ಆಗುತ್ತಿತ್ತು. ಸಂಜೆಯ ಪಫ್ಸ್, ಬನ್ಸ್, ಭಾನುವಾರದ ಪಾರ್ಸೆಲ್, ಬಿಸ್ಕತ್ತು, ತಂಪು ಪಾನೀಯ ಎಲ್ಲ ಸೇರಿ ವಾರಕ್ಕೆ 900.

ಎಲ್ಲ ಬಿಡಿ ಅಂತ ನಾನು ಹೇಳುವುದಿಲ್ಲ. ಬಿಸಿ ಗೋಳಿಬಜೆಗೆ ಬದಲಿ ಇಲ್ಲ. ಮಗ ಟ್ಯೂಷನ್ ಮುಗಿಸಿ ಹಸಿದು ಬರುವ ಹೊತ್ತಿಗೆ ಮನೆಯಲ್ಲಿ ಏನಾದರೂ ಸಿದ್ಧ ಇರಬೇಕು, ಅಷ್ಟೇ. ಬೇಯಿಸಿದ ಕಡ್ಲೆಗೆ ಒಗ್ಗರಣೆ, ಒಂದು ಮೊಟ್ಟೆ, ಹಲಸಿನ ಕಾಲದಲ್ಲಿ ಬೇಯಿಸಿದ ಬೀಜ, ಇಲ್ಲವೇ ಅವಲಕ್ಕಿ. ಬೇಕರಿ ಶನಿವಾರಕ್ಕೆ ಉಳಿಯಿತು. 900 ಇದ್ದದ್ದು 300ಕ್ಕೆ ಇಳಿಯಿತು. ಸಂತೆಯ 2,900ಕ್ಕೆ ಈ 300 ಸೇರಿಸಿದರೂ ಮೊದಲಿನ ಖರ್ಚಿಗಿಂತ ವಾರಕ್ಕೆ 600 ಕಡಿಮೆ.

ಈ ಲೆಕ್ಕ ವರ್ಷವಿಡೀ ಹೀಗೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ದೋಣಿಗಳು ದಡದಲ್ಲಿರುತ್ತವೆ. ನಾಡದೋಣಿಯವರು ತಂದ ಮೀನಿಗೆ ಬೇಡಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಊರ ತರಕಾರಿಯೂ ಆ ಮಳೆಗೆ ಕಡಿಮೆ. ಆ ಎರಡು ತಿಂಗಳು ನಾವು ಮೀನಿನ ದುಡ್ಡನ್ನು ಮೊಟ್ಟೆಗೆ, ಹುರುಳಿಗೆ ಹಾಕುತ್ತೇವೆ. ಒಣಮೀನು ಚಟ್ನಿಗೆ ಮಾತ್ರ, ಅದರಲ್ಲಿ ಉಪ್ಪು ಜಾಸ್ತಿ, ಅತ್ತೆಗೆ ಬಿಪಿ ಇದೆ. ಸಂತೆಯಿಂದ ಸಿಹಿಗುಂಬಳ, ಸೌತೆ ಜಾಸ್ತಿ ತಂದು ಇಡುತ್ತೇವೆ, ತೇವ ತಾಗದಿದ್ದರೆ ಅವು ವಾರಗಟ್ಟಲೆ ಕೆಡುವುದಿಲ್ಲ. ಸೊಪ್ಪಿಗೆ ಹಿತ್ತಲಿನ ನುಗ್ಗೆ ಮತ್ತು ತಿಮರೆ (ಒಂದೆಲಗ).