ಕಿವಿ ಮುಚ್ಚದ ಇಯರ್‌ಫೋನ್: ಹದಿನೆಂಟು ತಿಂಗಳ ಬಳಕೆಯ ನಂತರ

ತಿಂಗಳ ಕೊನೆಗೆ ಡೈರಿ ತೆಗೆದು, ಹೊಸದಾಗಿ ಏನು ಮಾಡಿದೆ, ಎಷ್ಟು ನಡೆದೆ, ಏನು ಕೇಳಿದೆ ಅಂತ ಬರೆದಿಡುವುದು ನನ್ನ ಅಭ್ಯಾಸ. ಈ ಸಲ ಜುಲೈ ತಿಂಗಳದ್ದು ಬರೆಯುವಾಗ ಮೂರು ಕಡೆಯೂ ಒಂದೇ ವಸ್ತುವಿನ ಹೆಸರು ಬಂತು. ಕಳೆದ ವರ್ಷ ಜನವರಿಯಲ್ಲಿ ಕೊಂಡ ಬೋನ್ ಕಂಡಕ್ಷನ್ ಇಯರ್‌ಫೋನ್. ಹಾಗಾಗಿ ಅದರ ಬಗ್ಗೆಯೇ ಬರೆಯೋಣ ಅನ್ನಿಸಿತು. ಕೊಳ್ಳಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಾಡು ಕೇಳುವುದಕ್ಕೆ ಬೇಕಿದ್ದರೆ ತೆಗೆದುಕೊಳ್ಳಬೇಡಿ. ಮಾತು ಕೇಳುತ್ತಾ ನಡೆಯುವವರಾದರೆ ಖಂಡಿತ ತೆಗೆದುಕೊಳ್ಳಿ.

ಇದು ಕಿವಿಯೊಳಗೆ ಹೋಗುವುದಿಲ್ಲ. ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲೆ ಕೂರುತ್ತದೆ. ಎರಡೂ ಕಡೆಯನ್ನು ಜೋಡಿಸುವ ತೆಳು ಪಟ್ಟಿ ತಲೆಯ ಹಿಂದೆ ಬರುತ್ತದೆ. ಸಾಮಾನ್ಯವಾಗಿ ಸದ್ದು ಗಾಳಿಯಲ್ಲಿ ಬಂದು ಕಿವಿ ತಮಟೆಗೆ ತಾಗಿ ಒಳಗೆ ಹೋಗುತ್ತದಲ್ವಾ, ಇಲ್ಲಿ ಅದು ಕಂಪನವಾಗಿ ಮೂಳೆಯಲ್ಲೇ ಸಾಗಿ ಒಳಕಿವಿ ತಲುಪುತ್ತದೆ. ನಾವು ಮಾತಾಡುವಾಗ ನಮ್ಮ ದನಿ ನಮಗೆ ಕೇಳಿಸುವುದೂ ಅರ್ಧ ಹೀಗೆಯೇ. ರೆಕಾರ್ಡ್ ಮಾಡಿದ ನಮ್ಮ ದನಿ ಯಾರದೋ ಅನ್ನಿಸುವುದು ಇದೇ ಕಾರಣಕ್ಕೆ. ಅದರಲ್ಲಿ ಮೂಳೆಯಿಂದ ಬರುವ ಪಾಲು ಇರುವುದಿಲ್ಲ.

ಕೊಂಡಿದ್ದಕ್ಕೆ ಕಾರಣ ಎರಡು. ಆಗ ನನ್ನ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.3 ಇತ್ತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಚುರುಕಾಗಿ ನಡೆಯಿರಿ ಅಂದರು ಡಾಕ್ಟರು. ನಡೆಯಲು ಶುರು ಮಾಡಿದೆ, ಬೇಜಾರಾಗದಿರಲಿ ಅಂತ ಕಿವಿಗೆ ಸಾಮಾನ್ಯ ಇಯರ್‌ಫೋನ್ ಹಾಕಿಕೊಂಡೆ. ಎರಡನೇ ವಾರ ಜಯನಗರ ನಾಲ್ಕನೇ ಬ್ಲಾಕ್ ಹತ್ತಿರ ಫುಟ್‌ಪಾತ್ ಮೇಲೆಯೇ ಹಿಂದಿನಿಂದ ಬೈಕ್ ಬಂತು. ಹಾರ್ನ್ ಹೊಡೆದಿದ್ದನಂತೆ. ನನಗೆ ಕೇಳಿಸಲೇ ಇಲ್ಲ. ಮೊಣಕೈ ತರಚಿತು, ಅಷ್ಟಕ್ಕೇ ಮುಗಿಯಿತು. ಆದರೆ ಅವತ್ತಿನಿಂದ ಕಿವಿ ಮುಚ್ಚಿಕೊಂಡು ಬೆಂಗಳೂರಿನಲ್ಲಿ ನಡೆಯುವ ಧೈರ್ಯ ಹೋಯಿತು.

ಈಗ ಎಲ್ಲವೂ ಕೇಳಿಸುತ್ತದೆ. ಹನುಮಂತನಗರದ ಮನೆಯಿಂದ ಲಾಲ್‌ಬಾಗ್ ಪಶ್ಚಿಮ ದ್ವಾರದವರೆಗೆ ಬರುವಾಗ ಸೊಪ್ಪಿನವಳ ಕೂಗು, ಹಾಲಿನ ಗಾಡಿ, ಹಿಂದಕ್ಕೆ ತೆಗೆಯುವ ಕಾರಿನ ಪೀಂ ಪೀಂ, ಬೀದಿನಾಯಿಯ ಗುರ್ ಅನ್ನುವ ಸದ್ದು ಎಲ್ಲ ಕಿವಿಗೆ ಬೀಳುತ್ತದೆ. ಜೊತೆಗೆ ನಾನು ಕೇಳುತ್ತಿರುವ ದನಿಯೂ ಇರುತ್ತದೆ. ಎದುರಿಗೆ ಸಿಕ್ಕವರು "ತಿಂಡಿ ಆಯ್ತಾ?" ಅಂದರೆ ಏನೂ ತೆಗೆಯದೆ ಉತ್ತರ ಕೊಡಬಹುದು. ಇಷ್ಟಕ್ಕೇ ಕೊಟ್ಟ ಎಂಟು ಸಾವಿರ ನನಗೆ ಸಾರ್ಥಕ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ದೊಡ್ಡ ರಸ್ತೆಯಲ್ಲಿ ಬಸ್ಸು ಪಕ್ಕದಲ್ಲಿ ಹೋದರೆ ಮಾತು ಪೂರ್ತಿ ಮುಳುಗುತ್ತದೆ. ಮೆಟ್ರೋ ನ್ಯಾಷನಲ್ ಕಾಲೇಜ್ ದಾಟಿ ಸುರಂಗಕ್ಕೆ ಇಳಿದ ಮೇಲೂ ಅಷ್ಟೇ. ದನಿ ಜಾಸ್ತಿ ಮಾಡಿದರೆ ಕೆನ್ನೆಯಲ್ಲಿ ಕಚಗುಳಿ ಇಟ್ಟ ಹಾಗೆ ಆಗುತ್ತದೆ, ಪಕ್ಕದಲ್ಲಿ ಕುಳಿತವರಿಗೂ ಕೇಳಿಸುತ್ತದೆ. ಆಷಾಢದ ಗಾಳಿಗಂತೂ ಉತ್ತರವೇ ಇಲ್ಲ. ಕನ್ನಡಕದ ಕಡ್ಡಿ, ಇದರ ಕೊಕ್ಕೆ, ಡಿಸೆಂಬರ್‌ನಲ್ಲಿ ಮಂಕಿ ಕ್ಯಾಪ್, ಮೂರೂ ಸೇರಿದರೆ ಕಿವಿಯ ಹಿಂದೆ ನೋವು ಬರುತ್ತದೆ. ಮೊದಲು ಇಯರ್‌ಫೋನ್ ಹಾಕಿ ಮೇಲೆ ಕನ್ನಡಕ ಹಾಕಿದರೆ ಸ್ವಲ್ಪ ವಾಸಿ.

ನಿಜವಾಗಿ ಬೇಸರವಾಗಿದ್ದು ಚಾರ್ಜರ್ ವಿಷಯದಲ್ಲಿ. ಇದಕ್ಕೆ ಮಾಮೂಲಿ ಫೋನ್ ಕೇಬಲ್ ಆಗುವುದಿಲ್ಲ, ಅಯಸ್ಕಾಂತದಿಂದ ಅಂಟಿಕೊಳ್ಳುವ ಬೇರೆ ಕೇಬಲ್ ಬೇಕು. ಹನ್ನೊಂದನೇ ತಿಂಗಳಲ್ಲಿ ಅದು ಕೆಟ್ಟಿತು. ವಾರಂಟಿ ಇದ್ದರೂ ಹೊಸದು ಬರಲು ಮೂರು ವಾರ ಆಯಿತು. ಫೋನ್ ಮಾಡಿದಾಗೆಲ್ಲ ನಾಳೆ ಅನ್ನುತ್ತಿದ್ದರು. ನೀವು ಕೊಳ್ಳುವುದಾದರೆ ಯುಎಸ್‌ಬಿ-ಸಿ ಇರುವುದನ್ನೇ ನೋಡಿ. ಬ್ಯಾಟರಿ ಪರವಾಗಿಲ್ಲ. ಹೊಸದರಲ್ಲಿ ಎಂಟು ಗಂಟೆ ಬರುತ್ತಿತ್ತು, ಈಗ ಆರಕ್ಕೆ ಇಳಿದಿದೆ.

ಈಗ ನನಗೆ ಜಾಸ್ತಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಕೆಳಗಿನ ದನಿ, ಅಂದರೆ ಮೃದಂಗ, ತಬಲಾದ ಗುಂ ಅನ್ನುವ ಭಾಗ, ಬಹಳ ಕಡಿಮೆ. ಸಿನಿಮಾ ಹಾಡು ಕೇಳಿದರೆ ಊಟದಲ್ಲಿ ಉಪ್ಪು ಮರೆತ ಹಾಗೆ. ಮೊದಲ ತಿಂಗಳು ತುಂಬಾ ನಿರಾಸೆಯಾಗಿತ್ತು. ಆಮೇಲೆ ಆಕಾಶವಾಣಿ ಆ್ಯಪ್‌ನಲ್ಲಿ ಮಾತಿನ ಕಾರ್ಯಕ್ರಮ ಕೇಳತೊಡಗಿದೆ. ಅಲ್ಲಿಂದ ಒಂದು ದಿನ ಗಮಕಕ್ಕೆ ಬಂದೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ತಾಳ ಹಾಕುವವರಿಲ್ಲ, ಮೃದಂಗ ಇಲ್ಲ. ಶ್ರುತಿ ಮತ್ತು ಮನುಷ್ಯರ ದನಿ, ಅಷ್ಟೇ. ಈ ಇಯರ್‌ಫೋನ್ ಚೆನ್ನಾಗಿ ಮಾಡುವ ಒಂದೇ ಕೆಲಸ ಮನುಷ್ಯರ ದನಿ ಮುಟ್ಟಿಸುವುದು. ಪದ ಎಲ್ಲಿ ಒಡೆಯುತ್ತಾರೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದೂ ಸ್ಪಷ್ಟ.

ಈ ಕಲೆ ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿ ಊರುಗಳಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಅವತ್ತು ಪೇಪರಿನಲ್ಲಿ ಓದಿ ಪುಟ ತಿರುಗಿಸಿದ್ದೆ. ಕೇಳಲು ಇಷ್ಟು ವರ್ಷ ಬೇಕಾಯಿತು.

ಜುಲೈ ಪೂರ್ತಿ ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಪದ್ಯಗಳ ಕಾವ್ಯದೊಂದಿಗೆ ನಡೆದೆ. ಅದರ ಸಾಲು ಮೂರು ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ), ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಅಂತ ಸಾಗುತ್ತದೆ. ಮೂರನೇ ಸಾಲು, ಆರನೇ ಸಾಲು ಉದ್ದ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ನನಗೆ ಛಂದಸ್ಸು ಶಾಲೆಯಲ್ಲಿ ಕಲಿತಷ್ಟೇ. ಆದರೆ ಕಾಲಿಗೆ ಅದು ತಾನಾಗಿ ಗೊತ್ತಾಯಿತು. ಎಡಗಾಲು ಮೂರಕ್ಕೆ, ಬಲಗಾಲು ನಾಲ್ಕಕ್ಕೆ. ಎರಡು ಹೆಜ್ಜೆ ಒಂದೇ ಅಳತೆ ಇರುವುದಿಲ್ಲ, ಆದರೂ ಒಂದು ಓಟ ಇರುತ್ತದೆ. ಉದ್ದದ ಸಾಲು ಬಂದಾಗ ಕಾಲೂ ಉದ್ದಕ್ಕೆ ಹೋಗುತ್ತದೆ. ಒಂದು ಬೆಳಿಗ್ಗೆ ಯುದ್ಧದ ಭಾಗ ಕೇಳುತ್ತಾ ಲಾಲ್‌ಬಾಗ್ ಬಂಡೆಯನ್ನು ನಿಲ್ಲದೆ ಹತ್ತಿಬಿಟ್ಟೆ. ಮೊದಲೆಲ್ಲ ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿದ್ದೆ. ಸುಮಾರು 300 ಕೋಟಿ ವರ್ಷದ ಬಂಡೆ, ಮೇಲೆ ಕೆಂಪೇಗೌಡರ ಗೋಪುರ, ಸುತ್ತ ಮೋಡ. ದನಿ ನಿಲ್ಲಿಸಿ ಸುಮ್ನೆ ಹತ್ತು ನಿಮಿಷ ಕೂತಿದ್ದೆ.

ತಿಂಗಳ ಲೆಕ್ಕ ಹೇಳುವುದಾದರೆ 26 ದಿನ ನಡೆದಿದ್ದೇನೆ. ಎಚ್‌ಬಿಎ1ಸಿ 5.9ಕ್ಕೆ ಬಂದಿದೆ. ಊಟದಲ್ಲಿ ಅನ್ನ ಕಡಿಮೆ ಮಾಡಿದ್ದೂ ಇದರಲ್ಲಿ ಸೇರಿದೆ. ಮೆಟ್ರೋದ ಹೊಸ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಒಮ್ಮೆ ಹೋಗಿ ಬಂದೆ. ಬಸವನಗುಡಿಯಲ್ಲಿ ಗಮಕ ಕಾರ್ಯಕ್ರಮವೊಂದಕ್ಕೂ ಹೋದೆ, ಜೀವನದಲ್ಲಿ ಮೊದಲ ಸಲ. ಮೂವತ್ತು ಜನ ಇದ್ದೆವು. ಎದುರಿಗೆ ಕೂತು ಕೇಳುವುದು ಬೇರೆಯೇ, ಇಯರ್‌ಫೋನ್ ಅದಕ್ಕೆ ಸಮವಲ್ಲ.

ಆದರೆ ಈ ತಿಂಗಳ ದೊಡ್ಡ ವಿಷಯ ಅಮ್ಮನದು. ಅಮ್ಮನಿಗೆ 78. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಎರಡೂ ತಮಟೆ ತೂತಾಗಿವೆ. ಹತ್ತಿರ ಹೋಗಿ ಜೋರಾಗಿ ಹೇಳಿದರೆ ಮಾತ್ರ ಕೇಳಿಸುತ್ತದೆ. ರೇಡಿಯೋದಲ್ಲಿ ಕಾವ್ಯವಾಚನ ಬಂದರೆ ಅಜ್ಜ ಎಲ್ಲರನ್ನೂ ಕೂರಿಸಿ ಕೇಳಿಸುತ್ತಿದ್ದರಂತೆ. ಅದನ್ನು ಅಮ್ಮ ಎಷ್ಟೋ ಸಲ ಹೇಳಿದ್ದರು. ಒಂದು ಮಧ್ಯಾಹ್ನ ಇಯರ್‌ಫೋನ್ ಅವರ ಕೆನ್ನೆಗೆ ಇಟ್ಟು ಗಮಕ ಹಾಕಿದೆ. ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದರು. "ಎಲ್ಲಿಂದ ಬರ್ತಿದೆಯೇ ಇದು? ತಲೆ ಒಳಗೇ ಓದ್ತಾ ಇದಾರಲ್ಲೇ" ಅಂದರು. ಆಮೇಲೆ ಕಣ್ಣು ಮುಚ್ಚಿ, ವಾಚಕರ ಜೊತೆ ಸಾಲು ಹೇಳತೊಡಗಿದರು. ಅರವತ್ತು ವರ್ಷದ ಹಿಂದೆ ಕೇಳಿದ ಸಾಲುಗಳು.

ಇಎನ್‌ಟಿ ಡಾಕ್ಟರನ್ನು ಕೇಳಿದೆ. ತೊಂದರೆ ತಮಟೆಯಲ್ಲಿದ್ದು ಒಳಕಿವಿ ಚೆನ್ನಾಗಿದ್ದರೆ ಹೀಗೆ ಕೇಳಿಸುತ್ತದೆ, ಒಳಕಿವಿಯ ನರವೇ ಸೋತವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ ಅಂದರು. ಇದು ಶ್ರವಣ ಸಾಧನ ಅಲ್ಲ, ಮಾತುಕತೆಗೆ ಬೇರೆಯದೇ ಬೇಕು ಅಂತಲೂ ಹೇಳಿದರು. ಮುಂದಿನ ವಾರ ಅಮ್ಮನಿಗೆ ಪರೀಕ್ಷೆ ಇದೆ. ನಿಮ್ಮ ಮನೆಯಲ್ಲೂ ಹಿರಿಯರಿಗೆ ಕೇಳಿಸದಿದ್ದರೆ, ಇದನ್ನು ಕೊಂಡು ತರುವ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಸದ್ಯಕ್ಕೆ ಬೆಳಿಗ್ಗೆ ಆರರಿಂದ ಏಳು ನನ್ನದು, ಕಾಫಿ ಆದ ಮೇಲೆ ಅಮ್ಮನದು ಅಂತ ಇಟ್ಟುಕೊಂಡಿದ್ದೇವೆ. ಇನ್ನೊಂದು ಜೊತೆ ಕೊಳ್ಳಬೇಕು, ಈ ಸಲ ಯುಎಸ್‌ಬಿ-ಸಿ ಇರುವುದೇ. ನಿನ್ನೆ ನಾನು ವಾಕಿಂಗ್‌ನಿಂದ ಐದು ನಿಮಿಷ ತಡವಾಗಿ ಬಂದೆ. ಅಮ್ಮ ಕೈ ಚಾಚಿಕೊಂಡು ಬಾಗಿಲಲ್ಲೇ ನಿಂತಿದ್ದರು.