ಅಪ್ಪನ ಪಾಳಿ ಮತ್ತು ಕುವೆಂಪುನಗರದ ಹಗಲು ಆರೈಕೆ ಕೇಂದ್ರ

ಅಪ್ಪ ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ 34 ವರ್ಷ ಮಗ್ಗದ ಮುಂದೆ ನಿಂತವರು. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಮಧ್ಯಾಹ್ನ ಒಂದೂವರೆಯಾಗುತ್ತಿದ್ದಂತೆ "ಪಾಳಿಗೆ ಹೊತ್ತಾಯಿತು" ಎಂದು ಚಪ್ಪಲಿ ಹುಡುಕುತ್ತಾರೆ. ನೆಂಟರು ಅರಳುಮರಳು ಎಂದು ಸುಮ್ಮನಾದರು. ವೈದ್ಯರು ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಇಂಥವರ ಜೊತೆ ಮನೆಯಲ್ಲಿ ಬಾಳುವುದು ಹೇಗೆಂದು ಯಾರೂ ಹೇಳಲಿಲ್ಲ.

ಅದನ್ನು ಹೇಳಿಕೊಟ್ಟವರು ಸೇವಾ ಟ್ರಸ್ಟೊಂದು ನಡೆಸುತ್ತಿರುವ ಈ ಕೇಂದ್ರದವರು. ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿದಾಗ ವಿಳಾಸ ಸಿಕ್ಕಿತು. ಸೇರಿಸಿಕೊಳ್ಳುವ ಮೊದಲು ಥೈರಾಯ್ಡ್ ಮತ್ತು ಬಿ12 ಪರೀಕ್ಷೆಯ ವರದಿ ಕೇಳಿದರು. ಆ ತೊಂದರೆಗಳಿಂದ ಬಂದ ಮರೆವಾದರೆ ಚಿಕಿತ್ಸೆಯಿಂದ ಸುಧಾರಿಸಬಹುದು, ಅದನ್ನು ಮೊದಲು ನೋಡಿ ಎಂದರು. ಆಗಲೇ ನನಗೆ ಇವರ ಮೇಲೆ ನಂಬಿಕೆ ಬಂತು.

ಮೊದಲ ದಿನ ಅಪ್ಪ ಬಾಗಿಲ ಬಳಿಯಿಂದ ಅಲುಗಲಿಲ್ಲ. ಅಲ್ಲಿನ ಸಹಾಯಕಿ ಅವರ ಕೆಲಸ ಏನಿತ್ತೆಂದು ವಿಚಾರಿಸಿಕೊಂಡು, ಮುಂದಿನ ಸಲ ತಮ್ಮ ಮದುವೆಯ ಸೀರೆಯನ್ನೇ ತಂದಿದ್ದರು. ಅಪ್ಪ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಗುಚಿ ಹಿಂಬದಿ ನೋಡಿದರು. ಹೆಬ್ಬೆರಳಿನಿಂದ ಜರಿಯಂಚನ್ನು ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, "ಇಲ್ಲಿ ಎಳೆ ತಪ್ಪಿದೆ" ಎಂದರು. ಬಾಗಿ ನೋಡಿದೆ. ತಪ್ಪಿತ್ತು.

ಅಪ್ಪನಿಗಿಂತ ಹೆಚ್ಚು ಉಪಕಾರವಾದದ್ದು ಅಮ್ಮನಿಗೆ. ತಿಂಗಳಿಗೊಮ್ಮೆ ಮನೆಯವರ ಸಭೆ ಇರುತ್ತದೆ. "ನಿಮಗೆ ರಿಟೈರ್ ಆಗಿದೆ" ಎಂದು ಅಮ್ಮ ವಾದಿಸುವುದು, ಅಪ್ಪ ರೇಗುವುದು, ಇಬ್ಬರೂ ಊಟ ಬಿಡುವುದು ನಮ್ಮ ಮನೆಯ ನಿತ್ಯದ ಪಾಡಾಗಿತ್ತು. ಗಂಡನನ್ನು ನೋಡಿಕೊಳ್ಳುವ ಮಂಡ್ಯದ ಹೆಂಗಸೊಬ್ಬರು ಆ ಸಭೆಯಲ್ಲಿ, "ತಿದ್ದಲು ಹೋಗಬೇಡಿ ಅಕ್ಕಾ, ಇವತ್ತು ವಾರದ ರಜೆ ಅನ್ನಿ" ಎಂದರು. ಈಗ ಅಮ್ಮ ಹಾಗೆಯೇ ಹೇಳುತ್ತಾರೆ, ಅಪ್ಪ ಚಪ್ಪಲಿ ಬಿಟ್ಟು ಕೂರುತ್ತಾರೆ. ಕೂರದ ದಿನಗಳೂ ಇವೆ. ಆಗ ಬೀದಿಯ ತುದಿಯವರೆಗೆ ನಡೆಸಿಕೊಂಡು ಬರುತ್ತೇನೆ.

ವಾರಕ್ಕೆ ಮೂರೇ ದಿನ, ಬೆಳಿಗ್ಗೆ 10ರಿಂದ ಸಂಜೆ 4. ಊಟ ಸೇರಿ ದಿನಕ್ಕೆ 150 ರೂಪಾಯಿ, ಕೊಡಲಾಗದವರನ್ನು ಕೇಳುವುದಿಲ್ಲ. ವಾಹನದ ವ್ಯವಸ್ಥೆ ಇಲ್ಲ, ದಸರೆಯ ದಿನಗಳಲ್ಲಿ ಸರಸ್ವತಿಪುರಂನಿಂದ ಆಟೋ ಸಿಗುವುದೇ ಕಷ್ಟ. ಶೌಚಾಲಯದ ಗೋಡೆಗೆ ಹಿಡಿದುಕೊಳ್ಳುವ ಕಂಬಿ ಇಲ್ಲ. ಎರಡು ಸಲ ಹೇಳಿದ್ದೇನೆ, ದಯವಿಟ್ಟು ಹಾಕಿಸಿ. ಒಬ್ಬರು ಜಾರಿ ಬಿದ್ದ ಮೇಲೆ ಹಾಕಿಸಿದರೆ ಏನು ಬಂತು?

ಕರೆದುಕೊಂಡು ಹೋಗುವವರು ಅವರ ಹಳೆಯ ಕೆಲಸದ ಏನಾದರೊಂದನ್ನು ಕೈಗೆ ಕೊಟ್ಟು ಕಳಿಸಿ. ಅಪ್ಪನ ಚೀಲದಲ್ಲಿ ಅಮ್ಮನ ಹರಿದ ಸೀರೆಯ ಅಂಚು ಒಂದು ಗಜ ಇಟ್ಟಿರುತ್ತೇನೆ.